ಚಿರತೆ ಬರುವ ತೊಟ್ಟಿ

“ಇವತ್ತು ಯಾವ ಪದ್ಯ ಓದಲಿ?” ಹಿತ್ತಲಲ್ಲಿ ಕೂತ ಚೆಲುವಾಂಬ ಯಾರನ್ನೂ ಉದ್ದೇಶಿಸದೆ ಕೇಳಿದರು.

ಕಾಡೆಲ್ಲ ನಾಶವಾದ ಮೇಲೆ, ಅಳಿದುಳಿದ ಪ್ರಾಣಿ ಸಸ್ಯಗಳನ್ನು ಸಾಕಿಕೊಳ್ಳಲು ಸರ್ಕಾರದವರು ಮನೆಗೊಂದು ಜೀವವೆಂದು ಚೀಟಿ ಎತ್ತಿ ಹಂಚಿದ್ದರು. ಪಕ್ಕದ ಮನೆಯ ತಿಪ್ಪೇಸ್ವಾಮಿಗೆ ಚಿರತೆ ಬಂತು; ಇವರಿಗೆ ಒಂದು ತೊಟ್ಟಿ ಜವುಗುಪಾಚಿ. ಅವನ ಮನೆ ಮುಂದೆ ದಿನವೂ ಜನ, ಇವರಲ್ಲಿಗೆ ಯಾರೂ ಬರುತ್ತಿರಲಿಲ್ಲ. ಆದರೆ ಚೆಲುವಾಂಬ ರಾಗವಾಗಿ ಓದತೊಡಗಿದರೆ ಚಿರತೆ ಗೋಡೆ ಹಾರಿ ಬಂದು ತೊಟ್ಟಿಯ ಅಂಚಿಗೆ ಗದ್ದವಿಟ್ಟು ಮಲಗುತ್ತಿತ್ತು. ತಮ್ಮ ಕಂಠಕ್ಕೇ ಬರುತ್ತದೆಂದು ಅವರು ಒಳಗೊಳಗೇ ಬೀಗಿದ್ದರು.

ತಿಪ್ಪೇಸ್ವಾಮಿ ಬಂದ. “ಅಕ್ಕಾ, ನಾಳೆ ತಪಾಸಣೆಯವರು ಬರ್ತಾರೆ. ಚಿರತೆ ನಮ್ಮನೇಲಿ ಕಾಣ್ದಿದ್ರೆ ಬೇರೆಯವರಿಗೆ ಕೊಟ್ಬಿಡ್ತಾರೆ. ನಿನ್ನೆ ನೀವು ನಮ್ಮಂಗಳದಲ್ಲೇ ಓದಿದ್ರೂ ಅದು ಇಲ್ಲೇ ಬಿದ್ಕೊಂಡಿತ್ತಲ್ಲ! ಅದಕ್ಕೆ ಬೇಕಿರೋದು ಪಾಚಿಯ ತಂಪು, ನಿಮ್ಮ ಪದ್ಯ ಅಲ್ಲ.”

ಚೆಲುವಾಂಬ ನಕ್ಕುಬಿಟ್ಟರು. “ಹೌದಪ್ಪ, ನನ್ನ ಜಂಬ ಇಳೀತು.”

“ಹಾಗಾದ್ರೆ ತೊಟ್ಟಿ ನಂಗೆ ಕೊಡಿ.”

ಅವರು ಪಾಚಿಯ ಮೇಲೆ ಅಂಗೈ ಇಟ್ಟರು. ಅದು ನೀರು ತುಂಬಿಕೊಂಡು ಮೆತ್ತಗಿತ್ತು.

“ಒದ್ದೆ ಗೋಣಿಚೀಲ ಹಾಸು, ನಿನ್ನ ಚಿರತೆ ಅಲ್ಲೇ ಮಲಗತ್ತೆ. ಮೈ ತಂಪಾದ್ರೆ ಸಾಕು, ಅದು ಪದ್ಯದ ನಡುವೆಯೇ ಎದ್ದು ಹೋಗೋದು. ಕೊನೇವರೆಗೂ ಕೂತು ಕೇಳೋದು ಈ ಪಾಚಿ ಒಂದೇ. ಇದನ್ನ ಕೊಡಲ್ಲ, ತಿಪ್ಪೇಸ್ವಾಮಿ.”