ಹೊನ್ನಯ್ಯ ಹೇಳಿದ ಮೂರು ಚಿತ್ರ

"ಮಾತಾಡೋ ಮಿಷನ್ನು ಕೆಟ್ಟೋಯ್ತು ಕಣಯ್ಯಾ ಹೊನ್ನಯ್ಯ. ಹಳೇ ಮೂಕಿ ಚಿತ್ರಗಳನ್ನೇ ಓಡಿಸ್ತೀನಿ, ನೀನೇ ಕತೆ ಹೇಳ್ಬೇಕು," ಎಂದು ತರೀಕೆರೆಯ ಸಿನಿಮಾ ಟೆಂಟಿನ ಮಾಲೀಕ ಮರುಳಪ್ಪ ಗೋಗರೆದ. ಹನ್ನೆರಡು ವರ್ಷ ಪರದೆಯ ಪಕ್ಕ ನಿಂತು ಕತೆ ಹೇಳಿದ್ದ ಹೊನ್ನಯ್ಯನನ್ನು, ಮಾತಾಡುವ ಟಾಕಿ ಚಿತ್ರ ಬಂದ ದಿನ ಜನರೆದುರೇ ಕತ್ತು ಹಿಡಿದು ಆಚೆ ದಬ್ಬಿದ್ದವನು ಇದೇ ಮರುಳಪ್ಪ.

ಹೊನ್ನಯ್ಯ ತುಂಬಿದ ಟೆಂಟಿನೊಳಗೆ ಹೋಗಿ ಪರದೆಯ ಪಕ್ಕ ನಿಂತ.

"ಮೂರು ಚಿತ್ರ ಐತೆ ಕಣ್ರೀ, ಮೂರೂ ನಂಗೆ ಬಾಯಿಪಾಠ. ಪುರಾಣದ್ದು ಭೇಷಾಗೈತೆ, ಆದ್ರೆ ದೇವ್ರು ಬರೋ ಸುರುಳಿ ಹೋದ್ವರ್ಷವೇ ಸುಟ್ಟೋಯ್ತು. ಕತ್ತಿ ಕಾಳಗದ್ರಲ್ಲಿ ರಾಜನ ಮಗ ಕೊನೇಲಿ ಸತ್ತೋಗ್ತಾನೆ. ನಗಿಸೋ ಚಿತ್ರ ಹರಿದು ಹರಿದು, ಈಗ ಅದ್ರಲ್ಲಿ ನಗೋದೇ ಉಳಿದಿಲ್ಲ."

ಜನ ಗೊಣಗುತ್ತ ಎದ್ದು ಹೊರಟರು. ಮರುಳಪ್ಪ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರಿಗೂ ಕೈಮುಗಿಯತೊಡಗಿದ. ಹೊನ್ನಯ್ಯ ಖಾಲಿ ಬೆಂಚಿನ ಮೇಲೆ ಕಾಲು ಚಾಚಿ ಕೂತು ಅದನ್ನು ಕಣ್ತುಂಬ ನೋಡಿದ.