ಕೆಲಸ ನಿಲ್ಲದ ವಿಭಾಗ

ಬೀರು ತೆರೆದ ಮೇಲ್ವಿಚಾರಕರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಳಗೆ ಸಾಲಾಗಿ ಡಿಸ್ಕ್‌ಗಳು, ದಿನಕ್ಕೊಂದರಂತೆ ತಾರೀಕು ಬರೆದು ಜೋಡಿಸಿದ್ದವು. ಆಸ್ಪತ್ರೆಯ ಅಷ್ಟೂ ರೋಗಿಗಳ ದಾಖಲೆ ಅವುಗಳಲ್ಲಿತ್ತು. ನಡುವೆ ಮೂರು ತಾರೀಕು ಮಾತ್ರ ಕಾಣೆ.

ಆ ಮೂರನ್ನು ಯಾರ ಕೈಗೆ ದಾಟಿಸಿದಳೋ ಎಂದುಕೊಂಡರು.

ಬೀರು ಕಂಪ್ಯೂಟರ್ ನೋಡಿಕೊಳ್ಳುವವಳದು. ಎರಡು ತಿಂಗಳ ಹಿಂದೆ ಅವಳು ಬಂದು ಕೇಳಿದ್ದಳು. "ಸರ್, ಎಂಟು ಜನ ಟೈಪ್ ಮಾಡ್ತಿರುವಾಗ ಡೇಟಾಬೇಸ್ ಫೈಲ್ ಕಾಪಿ ಮಾಡಿದ್ರೆ ಅರ್ಧ ಹಳೇದು, ಅರ್ಧ ಹೊಸದು ಬರುತ್ತೆ. ದಿನಕ್ಕೆ ಎರಡು ನಿಮಿಷ ಎಲ್ಲರೂ ಕೈ ತೆಗೆದ್ರೆ ಸಾಕು."

"ನನ್ನ ವಿಭಾಗದಲ್ಲಿ ಒಂದು ಕ್ಷಣಾನೂ ಕೆಲಸ ನಿಲ್ಲಲ್ಲಮ್ಮ," ಎಂದಿದ್ದರು ಅವರು.

ಆಮೇಲೆ ಅವಳು ಮತ್ತೆ ಕೇಳಲಿಲ್ಲ. ಆದರೆ ಒಂದು ಸಂಗತಿ ಅವರ ಕಣ್ಣು ತಪ್ಪಲಿಲ್ಲ. ದಿನಾ ಹನ್ನೊಂದಕ್ಕೆ ಸಿಬ್ಬಂದಿಯೆಲ್ಲ ಕಂಪ್ಯೂಟರ್ ಪರದೆ ಮುಚ್ಚಿ, ಎದ್ದು, ಕೈ ಕಟ್ಟಿ ಅವರ ಹಿತವಚನ ಕೇಳುತ್ತಿದ್ದರೆ ಇವಳೊಬ್ಬಳು ಯಂತ್ರದ ಕೋಣೆಗೆ ನುಸುಳುತ್ತಿದ್ದಳು. ಕಳ್ಳತನವನ್ನಾದರೂ ಅವರು ಕ್ಷಮಿಸಿಯಾರು, ಈ ಉದಾಸೀನವನ್ನಲ್ಲ.

ಮಧ್ಯಾಹ್ನ ನಿರ್ದೇಶಕಿಯ ಕೋಣೆಯಲ್ಲಿ ಅವಳ ವಜಾ ಪತ್ರ ಮೇಜಿನ ಮೇಲಿತ್ತು, ಸಹಿಯೊಂದು ಬಾಕಿ. ಎರಡು ನಿಮಿಷ ಕೇಳಿದರೂ ಸರ್ ಕೊಡಲಿಲ್ಲವೆಂದು ಅವಳು ಎದುರಿಗೆ ನಿಂತು ಹೇಳಿದ್ದಳು. ಅಷ್ಟರಲ್ಲಿ ಫೋನ್ ಬಂತು. ದಾಖಲೆಗಳ ಯಂತ್ರ ಸತ್ತುಹೋಗಿದೆ, ಆಪರೇಷನ್‌ಗೆ ಮೂವರು ಕಾದಿದ್ದಾರೆ, ಯಾರಿಗೆ ಯಾವ ರಕ್ತವೆಂದು ತಿಳಿಯುತ್ತಿಲ್ಲ.

"ಗಾಬರಿ ಬೇಡಿ ಮೇಡಂ. ನಿನ್ನೆ ಸಂಜೆ ನಾನೇ ಕಾಪಿ ಮಾಡಿದೀನಿ. ಎಂಟೂ ಜನ ಟೈಪ್ ಮಾಡ್ತಾನೇ ಇದ್ರು," ಎಂದರು ಮೇಲ್ವಿಚಾರಕರು, ಎದೆ ಉಬ್ಬಿಸಿ.

ನಿರ್ದೇಶಕಿಯ ಕಂಪ್ಯೂಟರಿನಲ್ಲಿ ಅವರ ಕಾಪಿ ತೆರೆಯಿತು. ಎಂಬತ್ತು ವರ್ಷದ ಅಜ್ಜನಿಗೆ ಮುಂದಿನ ವಾರ ಹೆರಿಗೆ. ಆಪರೇಷನ್‌ಗೆ ಕಾದಿದ್ದ ಮೂವರಲ್ಲಿ ಒಬ್ಬ ಹುಡುಗನಿಗೆ ಎರಡು ಬಗೆಯ ರಕ್ತ. ಉಳಿದಿಬ್ಬರು ಆಸ್ಪತ್ರೆಗೆ ಬಂದೇ ಇಲ್ಲ.

ನಿರ್ದೇಶಕಿ ಬೀರುವಿನಿಂದ ಸಾಕ್ಷಿಗೆಂದು ತಂದ ಡಿಸ್ಕ್‌ಗಳತ್ತ ಕೈ ತೋರಿಸಿದರು. ಅವಳು ಇಂದಿನದನ್ನು ಹಾಕಿದಳು. ಹೆಸರು, ರಕ್ತ, ಔಷಧ, ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಮೂವರ ವಿವರ ಆಪರೇಷನ್ ಕೋಣೆಗೆ ಹೋಯಿತು.

ನಿರ್ದೇಶಕಿ ವಜಾ ಪತ್ರವನ್ನು ಎರಡಾಗಿ ಹರಿದರು. "ಇವರು ಎರಡು ನಿಮಿಷಾನೂ ಕೊಡಲಿಲ್ಲ ಅಂತೀಯ. ಮತ್ತೆ ಇಷ್ಟು ಸರಿಯಾಗಿ ಹೇಗೆ ಬಂತು? ಮಧ್ಯೆ ಮೂರು ದಿನದ್ದು ಯಾಕಿಲ್ಲ?"

"ಆ ಮೂರು ದಿನ ಸರ್ ರಜೆಯಲ್ಲಿದ್ರು ಮೇಡಂ," ಎಂದಳು ಅವಳು. "ಹನ್ನೊಂದಕ್ಕೂ ಎಲ್ಲರೂ ಕೂತು ಕೆಲಸ ಮಾಡ್ತಾನೇ ಇದ್ರು."