ಅಜ್ಜಿಗೆ ಬಾರದ ಘಾಟು

ನನಗೇ ಈಗ ಮೊಮ್ಮಕ್ಕಳಾದರೂ, ಮೆಣಸಿನಕಾಯಿ ಸೀದ ವಾಸನೆ ಬಂದರೆ ಸಾಸ್ವೆಹಳ್ಳಿಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಎಳೆಗೂಸು ತಮ್ಮ ಬೆಳಗಿನಿಂದ ಅಳುತ್ತಿದ್ದ. ಅಜ್ಜಿ ಒಣಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಘಾಟು ಬರೋದಿಲ್ಲ ಅನ್ನುತ್ತಿದ್ದರು. ಅಜ್ಜಿಯ ಮೂಗೋ, ನಶ್ಯ ಏರಿಸಿ ಏರಿಸಿ ಕಟ್ಟಿಹೋಗಿತ್ತು.

"ನೋಡ್ರಿ, ಒಂಚೂರೂ ಘಾಟಿಲ್ಲ! ನಿನ್ನೆ ಕೂಸು ಎತ್ಕೊಂಡಿದ್ದ ಆ ಮಕ್ಕಳಿಲ್ಲದ ಗಿರಿಜೀದೇ ಕಣ್ಣು. ಇನ್ಮೇಲೆ ಅವಳು ಈ ಮನೆ ಹೊಸಿಲು ದಾಟಂಗಿಲ್ಲ."

ನಾನು ಕೆಮ್ಮುತ್ತಾ, "ಘಾಟು ಐತಲ್ಲಜ್ಜಿ" ಅಂದೆ.

"ನಿಂಗೇನೇ ಗೊತ್ತು, ಬಾಯ್ಮುಚ್ಚು."

ಪಕ್ಕದ ಮನೆ ಗಿರಿಜಕ್ಕ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳೂ ಮೂಗಿಗೆ ಸೆರಗು ಹಿಡಿದು ಕೆಮ್ಮುತ್ತಿದ್ದಳು. ಅವ್ವನ ಕಡೆ ತಿರುಗಿ, "ನೀನಾರ ಹೇಳು ತಂಗಿ, ಘಾಟು ಐತೋ ಇಲ್ಲೋ?" ಅಂದಳು.

ಅವ್ವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅತ್ತೆಯ ಮುಖ ನೋಡಿದಳು. ಕೆಮ್ಮು ನುಂಗಿಕೊಂಡು, "ಇಲ್ಲಕ್ಕಾ, ನಂಗೆ ಬರ್ತಿಲ್ಲ" ಅಂದಳು.